ಗುಮ್ಮಟದಿಂದ ಗೋಂದಿನವರೆಗೆ: ವಿಜಯಪುರ ಸೀಮೆಯ ಸ್ವಮುಖ ಅಂಚೆಚೀಟಿ ಕುರಿತ ಮಹಾಪ್ರಬಂಧದ ಸಾರ

ತನ್ನ ಗುರುತನ್ನು ತಾನೇ ಉಳಿಸಿ ಹೋಗಬೇಕೆಂಬ ಚಪಲ ವಿಜಯಪುರದಲ್ಲಿ ಯಾವಾಗ ಹುಟ್ಟಿತೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ; ಈ ವಿಷಯದ ವಿದ್ವಾಂಸ ಸದ್ಯಕ್ಕೆ ನಾನೊಬ್ಬನೇ. ಮೊಹಮ್ಮದ್ ಆದಿಲ್‌ಶಾಹ ಬದುಕಿರುವಾಗಲೇ ತನ್ನ ಗೋರಿಯ ಕೆಲಸ ಹಿಡಿಸಿದ. 1656ರಲ್ಲಿ ಅವನು ಹೋದ, ಊರಿಗೆ ಸುಮಾರು 44 ಮೀಟರ್ ಅಗಲದ ಗುಮ್ಮಟ ದಕ್ಕಿತು. ಮಗ ಎರಡನೆಯ ಅಲಿ ಅಪ್ಪನಿಗಿಂತ ಜೋರು ಮಾಡಲು ಹೋಗಿ, 1672ರಲ್ಲಿ ತನ್ನ ಗೋರಿಯಾಗಬೇಕಿದ್ದ ಬಾರಾ ಕಮಾನನ್ನು ಬರೀ ಕಮಾನಾಗಿಯೇ ಬಿಟ್ಟು ಕಣ್ಣು ಮುಚ್ಚಿದ. ಇದರಿಂದ ಹೊರಡುವ ಪ್ರಥಮ ಪ್ರಮೇಯ: ಸ್ಮಾರಕವು ಕರ್ತೃವಿನ ಆಯುಷ್ಯದೊಳಗೆ ಮುಗಿಯುವಷ್ಟು ಸಣ್ಣದಿರಬೇಕು.

ಅಂಚೆ ಇಲಾಖೆ ಈ ಪ್ರಮೇಯವನ್ನು 1949ರ ಆಗಸ್ಟ್ 15ರಂದೇ ಒಪ್ಪಿಕೊಂಡು, ಇಡೀ ಗೋಳಗುಮ್ಮಟವನ್ನು 6 ಆಣೆಯ ಚೀಟಿಯೊಳಗೆ ಕೂಡಿಸಿತು. ಗೋರಿ ಬಂತು, ಗೋರಿಯ ಯಜಮಾನನ ಮುಖ ಬರಲಿಲ್ಲ. ಬದುಕಿದ್ದಾಗ ಮುಖ ಬರುವುದು ಅಷ್ಟು ಸಸಾರವಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಅದು ಸಿಕ್ಕಿದ್ದು 1960ರ ಸೆಪ್ಟೆಂಬರ್ 15ರಂದು, ಜನ್ಮಶತಮಾನೋತ್ಸವದ ಹೊತ್ತಿಗೆ; ಚೀಟಿಯ ಬೆಲೆ 15 ನಯಾಪೈಸೆ. ಅಂದರೆ ಸರ್ಕಾರಿ ದಾರಿಯಲ್ಲಿ ಹೋಗುವವರು ಮೊದಲು ಕನ್ನಂಬಾಡಿ ಕಟ್ಟಬೇಕು, ಆಮೇಲೆ ನೂರು ವರ್ಷ ಕಾಯಬೇಕು. ತಿಕೋಟಾ–ಬಬಲೇಶ್ವರದ ಕಡೆ ಇಷ್ಟು ವ್ಯವಧಾನ ಯಾರಿಗಿದೆ?

ಅಡ್ಡದಾರಿಯ ಹೆಸರು ‘ಮೈ ಸ್ಟ್ಯಾಂಪ್’. 2011ರ ದೆಹಲಿಯ ಇಂಡಿಪೆಕ್ಸ್ ಪ್ರದರ್ಶನದ ಹೊತ್ತಿನಿಂದ ಜನರ ಬಾಯಿಗೆ ಬಿದ್ದದ್ದು. ಅರ್ಜಿ ತುಂಬಿ, ಗುರುತಿನ ಚೀಟಿಯ ಝೆರಾಕ್ಸ್ ಮತ್ತು ಒಂದು ಫೋಟೋ ಕೊಟ್ಟು, 300 ರೂಪಾಯಿ ಕಟ್ಟಿದರೆ 5 ರೂಪಾಯಿಯ 12 ಚೀಟಿಗಳ ಒಂದು ಹಾಳೆ. ಲೆಕ್ಕ ಹಾಕಿ: ಚೀಟಿಗಳ ಬೆಲೆ 60, ಮುಖದ ಬೆಲೆ 240. ಸೂಕ್ಷ್ಮವೊಂದಿದೆ. ನಮ್ಮ ಮುಖ ಚೀಟಿಯ ಮೇಲೆ ಬರುವುದಿಲ್ಲ, ಪಕ್ಕದಲ್ಲಿ ಬರುತ್ತದೆ. 20 ಗ್ರಾಂ ಪತ್ರವನ್ನು ಹೊತ್ತೊಯ್ಯುವುದು ಪಕ್ಕದ ಐದು ರೂಪಾಯಿ; ಮುಖ ಬರೀ ಜೊತೆಗೆ ಹೋಗಿ ಬರುತ್ತದೆ, ದಿಬ್ಬಣದಲ್ಲಿ ಹುಡುಗನ ಸೋದರಮಾವ ಹೋದಂತೆ.

ಪೂರ್ವಪಕ್ಷವೂ ಇಲ್ಲಿಯದೇ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ ಕಿಸೆಯಿಲ್ಲದ ಅಂಗಿ ತೊಟ್ಟರು, 2018ರಲ್ಲಿ ಪದ್ಮಶ್ರೀಯನ್ನು ನಯವಾಗಿ ಒಲ್ಲೆನೆಂದರು, ತಮಗೆ ಸ್ಮಾರಕ ಬೇಡವೆಂದು ಮೊದಲೇ ಬರೆದಿಟ್ಟು 2023ರ ಜನವರಿ 2ರಂದು ಹೋದರು. ಈ ಆಕ್ಷೇಪಕ್ಕೆ ಉತ್ತರಿಸುವ ಯೋಗ್ಯತೆ ಈ ಸಂಶೋಧಕನಿಗಿಲ್ಲ. ಆದ್ದರಿಂದ ಮುಂದಿನ ಅಧ್ಯಾಯಕ್ಕೆ ಹೋಗುತ್ತೇನೆ.

ಉದಾಹರಣೆಗೆ ಬಬಲೇಶ್ವರದ ಮಾಸ್ತರರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಸರ್ಕಾರಿ ನೌಕರನಿಗೆ ವಯೋನಿವೃತ್ತಿಯೂ 60ಕ್ಕೆ, ಷಷ್ಟ್ಯಬ್ದಿಯೂ 60ಕ್ಕೆ; ಒಂದೇ ಪೆಂಡಾಲಿನಲ್ಲಿ ಎರಡೂ ಮುಗಿಯುತ್ತವೆ. ಊರು ತಾಲ್ಲೂಕು ಆದ ಮೇಲೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಲು ಕಂಬ ಖಾಲಿ ಸಿಗುವುದಿಲ್ಲ, ಸಿಕ್ಕರೂ ಮೂರನೇ ದಿನ ಅದು ಯಾರದೋ ಮೇವಿನ ಬಣವಿಯ ಮೇಲೆ ತಾಡಪಾಲಾಗಿರುತ್ತದೆ. ಹೀಗಾಗಿ ಬೆಂಗಳೂರಿನ ಮಗ ಹಾಳೆ ಮಾಡಿಸಿ ತರುತ್ತಾನೆ. ಮಾಸ್ತರರು ಕನ್ನಡಕ ಏರಿಸಿ ನೋಡುತ್ತಾರೆ: ಹನ್ನೆರಡು ಕಡೆ ತಾವೇ, ಅಂಚಿಗೆಲ್ಲ ತೂತು. ಒಂದನ್ನು ಹರಿದು ಲಕೋಟೆಗೆ ಹಚ್ಚಬೇಕೆನ್ನುವಷ್ಟರಲ್ಲಿ ಮಾಸ್ತರತಿ ಕೇಳುತ್ತಾರೆ:

“ಅಲ್ರೀ, ಪೋಸ್ಟಿನ್ಯಾಗ ಇದರ ಮ್ಯಾಲೆ ಠಸ್ಸೆ ಹೊಡೀತಾರಲ್ಲ?”

“ಹೊಡೀತಾರ. ಚೀಟಿ ಮ್ಯಾಲೆ ಹೊಡೀತಾರ.”

“ಚೂರು ಸರದು ನಿಮ್ಮ ಮಾರಿಗೆ ಬಿದ್ರ?”

ಲಕೋಟೆ ವಾಪಸು ಕಪಾಟಿಗೆ. ಅಂಚೆಗೆ ಬೀಳದ ಅಂಚೆಚೀಟಿ ಎಂಬ ಹೊಸ ವರ್ಗ ಹುಟ್ಟುವುದು ಇಲ್ಲಿಯೇ. ಅದರ ವಿನಿಯೋಗ ಇನ್ನೇನು? ಹಂಚುವುದು. ಹಂಚಿಕೆಯೇ ಈ ಶಾಸ್ತ್ರದ ಅತಿ ಕಠಿಣ ಭಾಗ, ಗುಮ್ಮಟದ ಗಣಿತ ಇದರ ಮುಂದೆ ಮಗ್ಗಿ. ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು, ಐದೂ ಕಡೆಯ ಬೀಗರು, ಮಾಸ್ತರತಿಯ ತವರುಮನೆ, ಕೊನೆಗೆ ಮಠ. ಹನ್ನೆರಡು ಮುಗಿಯಿತು. ಬೀಗರಿಗೆ ತಪ್ಪಿಸುವಂತಿಲ್ಲ, ಆಯಾರದಲ್ಲಿ ಪಂಚೆಯ ಅಂಚು ಸಣ್ಣದಾಯಿತೆಂದು ಈಗಾಗಲೇ ಒಂದು ಮನೆಯವರು ಉಂಡು ಮಾತಾಡದೆ ಹೋಗಿದ್ದಾರೆ. ಆಗ ವಿಜಯಪುರದಿಂದ ತಮ್ಮನ ಫೋನು: “ಯಣ್ಣಾ, ಐದು ರೂಪಾಯಿ ಚೀಟಿಗೂ ನಾ ಎರವಾದ್ನೇನು?”

ಹದಿಮೂರನೆಯದು ಸಿಗಬೇಕಾದರೆ ಇನ್ನೊಂದು ಹಾಳೆ, ಇನ್ನೂ 300. ಉಳಿಯುವ ಹನ್ನೊಂದಕ್ಕೆ ಹನ್ನೊಂದು ಜನರನ್ನು ಹುಡುಕಿದರೆ ಹನ್ನೆರಡನೆಯವನು ಮುನಿಯುತ್ತಾನೆ. ಉಳಿದದ್ದನ್ನು 70ರ ಭೀಮರಥ ಶಾಂತಿಗೆ ಎತ್ತಿಡುವುದೇ ಲೇಸೆಂದು ಈ ಸಂಶೋಧಕನ ಶಿಫಾರಸು. ಅಷ್ಟರಲ್ಲಿ ಮುಖ ಹಳೆಯದಾದೀತೆಂಬ ಭಯ ಬೇಡ: ಮಾಸ್ತರರು ಮಗನಿಗೆ ಕೊಟ್ಟಿದ್ದು ತಮ್ಮ ಮದುವೆಯ ಫೋಟೋ.