ಇಪ್ಪತ್ತೊಂದು ವ್ಯಾಟಿನ ಗಂಡ

ನಮ್ಮ ಮನೆಯಲ್ಲಿ ಏನಾದರೂ ಅರ್ಧ ಕೆಟ್ಟರೆ, ಉಳಿದರ್ಧ ಕೆಡಿಸುವ ಜವಾಬ್ದಾರಿ ನನ್ನದು. ರಿಪೇರಿಯವನು ಬರುವುದು ಅದಾದ ಮೇಲೆ. ಪುಣೆಯ ಖರಾಡಿಗೆ ಬಂದು 14 ವರ್ಷವಾಯಿತು, ಈ ಕ್ರಮ ಒಮ್ಮೆಯೂ ತಪ್ಪಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ತಾನೇ? ಒಪ್ಪಿಕೊಂಡುಬಿಡಿ, ಇಲ್ಲಿ ನಾವು ನಾವೇ ಇದ್ದೇವೆ.

ಹೋದ ಮಳೆಗಾಲದ ಒಂದು ಶುಕ್ರವಾರ ಸಂಜೆ ಖರಾಡಿ ಬೈಪಾಸ್ ಚೌಕದಲ್ಲಿ ಕಾರು ನಿಲ್ಲಿಸಿಕೊಂಡಿದ್ದೆ. ನಿಲ್ಲಿಸಿದ್ದೆ ಅನ್ನುವುದಕ್ಕಿಂತ ಅಲ್ಲಿ ವಾಸವಾಗಿದ್ದೆ ಅನ್ನಬೇಕು. ಇಯಾನ್ ಐಟಿ ಪಾರ್ಕಿನ ಆಫೀಸುಗಳು ಬಿಡುವ ಹೊತ್ತಿಗೆ ಆ ಸಿಗ್ನಲ್ಲಿಗೆ ಸಿಕ್ಕಿಕೊಂಡವರಿಗೆ ಅದೇ ವಿಳಾಸಕ್ಕೆ ರೇಶನ್ ಕಾರ್ಡ್ ಕೊಡಬಹುದು. ಪಕ್ಕದ ರಿಕ್ಷಾದವನು ಕತ್ತು ಹೊರಗೆ ಚಾಚಿ, "ಅಹೋ ಕಾಕಾ, ತುಮಚಾ ಡಾವಾ ಬ್ರೇಕ್ ಲೈಟ್ ಲಾಗತ್ ನಾಹೀ" ಅಂದ.

ನನಗೆ ಬ್ರೇಕ್ ಲೈಟಿನ ಚಿಂತೆ ಆಮೇಲೆ ಬಂತು. ಮೊದಲು ಚುಚ್ಚಿದ್ದು "ಕಾಕಾ". ಕೂದಲಿಗೆ ಬಣ್ಣ ಹಚ್ಚಿ ನಾಲ್ಕೇ ದಿನವಾಗಿತ್ತು.

ಸೊಸೈಟಿಯ ಬೇಸ್‌ಮೆಂಟಿಗೆ ಬಂದವನೇ ಲೈಟು ಹಚ್ಚಿ, ಹಿಂದೆ ಹೋಗಿ ಬಗ್ಗಿ ನೋಡಿದೆ. ಎರಡೂ ಕಡೆ ಕೆಂಪಗೆ ಉರಿಯುತ್ತಿತ್ತು. ಮೇಲೆ ಬಂದು, "ಆ ರಿಕ್ಷಾದಾಂವ ಸುಳ್ಳ ಹೇಳ್ಯಾನ" ಅಂತ ಹೆಂಡತಿಗೆ ವರದಿ ಒಪ್ಪಿಸಿದೆ.

"ಬ್ರೇಕ್ ಒತ್ತಿ ನೋಡಿದ್ರೇನು?" ಅಂದಳು, ಕೊತ್ತಂಬರಿ ಸೋಸುತ್ತ.

ಒತ್ತಬೇಕೆಂದರೆ ನಾನು ಮುಂದೆ ಕೂತಿರಬೇಕು, ನೋಡಬೇಕೆಂದರೆ ಹಿಂದೆ ನಿಂತಿರಬೇಕು. ಈ ತೊಡಕು ನನಗೆ ಹೊಳೆದೇ ಇರಲಿಲ್ಲ. ಉತ್ತರ ಕೊಡದೆ ಮೊಬೈಲಿನಲ್ಲಿ ವಿಡಿಯೊ ಹಾಕಿಕೊಂಡು ಕೂತೆ. ಆಗ ಗುಟ್ಟು ತಿಳಿಯಿತು. ಹಿಂದಿನ ದೀಪದ ಬಲ್ಬು ಹೊರಗೆ ಒಂದೇ, ಒಳಗೆ ಎರಡು ತಂತಿಯ ಕೂಡು ಕುಟುಂಬ. ರಾತ್ರಿಯಿಡೀ ಮಿಣಮಿಣ ಅನ್ನುವುದಕ್ಕೆ 5 ವ್ಯಾಟಿನದೊಂದು, ಬ್ರೇಕ್ ಒತ್ತಿದಾಗ ಕಣ್ಣು ಕೆಂಪಗೆ ಮಾಡುವುದಕ್ಕೆ 21 ವ್ಯಾಟಿನದೊಂದು. ದೊಡ್ಡದು ಸತ್ತರೂ ಚಿಕ್ಕದು ಉರಿಯುತ್ತಲೇ ಇರುತ್ತದೆ. ಮನೆಯ ಯಜಮಾನರ ಸ್ಥಿತಿಯೂ ಸುಮಾರು ಇದೇ ಅಲ್ಲವೇ? ದೂರದಿಂದ ನೋಡಿದರೆ ದೀಪ ಹತ್ತಿದೆ, ಒತ್ತಿ ನೋಡಿದರೆ ಏನೂ ಇಲ್ಲ.

"ಚಂದನನಗರದಾಗ ತಗಡಿನ ಶೆಡ್ಡಿನಾಂವ ಇದ್ದಾನಲ್ಲ, ಎರಡು ಮಿನಿಟಿನಾಗ ಹಾಕಿ ಕೊಡ್ತಾನ" ಅಂದಳು.

"ಒಂದು ಬಲ್ಬಿಗೆ ಮೆಕ್ಯಾನಿಕ್ ಯಾಕ? ನಾ ಇಂಜಿನಿಯರ್ ಇದ್ದೀನಿ."

"ಹೌದಾ? ನಮ್ಮ ಮಿಕ್ಸರ್‌ಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ ಕಾಣಸ್ತದ."

ಶನಿವಾರ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ಇಳಿದೆ. ಯಾವ ಕಡೆಯದು ಅನ್ನುವುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಹಿಂದಿಯಲ್ಲಿ ದಾಯಾಂ ಅಂದರೆ ಬಲ. ಮರಾಠಿಯ ಡಾವಾ ಅದರ ತಮ್ಮನೇ ಇರಬೇಕು. ಬಲಗಡೆಗೆ ಕೈಹಾಕಿದೆ.

ಡಿಕ್ಕಿ ತೆಗೆದರೆ ದೀಪದ ಪಕ್ಕಕ್ಕೆ ಎರಡು ಸ್ಕ್ರೂ. ಮೊದಲನೆಯದು ಸಲೀಸಾಗಿ ಬಂತು. ಎರಡನೆಯದೂ ಸಲೀಸಾಗಿ ಬಂತು, ಆದರೆ ನನ್ನ ಕೈಗೆ ಬರಲಿಲ್ಲ. ಬಂಪರಿನ ಸಂದಿಯಲ್ಲಿ ಟಣ್ ಅಂತು, ಇನ್ನೂ ಕೆಳಗೆ ಟಿಕ್ ಅಂತು, ಆಮೇಲೆ ಮೌನ. ಇವತ್ತಿಗೂ ಸ್ಪೀಡ್ ಬ್ರೇಕರ್ ಹತ್ತಿಸಿದಾಗೆಲ್ಲ ಅದು ಒಳಗಿನಿಂದ ನನ್ನನ್ನು ಕರೆಯುತ್ತದೆ.

ಸ್ಕ್ರೂ ಹೋದ ಮೇಲೆ ದೀಪವನ್ನು ನೇರ ಹಿಂದಕ್ಕೆ ಎಳೆಯಬೇಕು. ಎಳೆದೆ, ಬರಲಿಲ್ಲ. ಇನ್ನಷ್ಟು ಎಳೆದೆ. ಒಮ್ಮೆಲೇ ಬಂತು, ನನ್ನನ್ನೂ ಕರೆದುಕೊಂಡು. ಬೆನ್ನು ಹೋಗಿ ವಾಚ್‌ಮನ್ ಮಾಮಾನ ಕುರ್ಚಿಗೆ ಬಡಿಯಿತು. ಅದೃಷ್ಟಕ್ಕೆ ಮಾಮಾ ಅದರಲ್ಲಿರಲಿಲ್ಲ, ದುರದೃಷ್ಟಕ್ಕೆ ಅವನ ಚಹಾ ಅದರಲ್ಲಿತ್ತು.

ಈ ಮಾಮಾ ಅಕ್ಕಲಕೋಟ ಕಡೆಯವನು, ಮನೆಮಾತು ಕನ್ನಡ. ನಾನು ಬಲ್ಬನ್ನು ಹಲ್ಲು ಕೀಳುವ ಹಾಗೆ ಜಗ್ಗುತ್ತಿರುವುದನ್ನು ನೋಡಿ, "ಸರ, ಜಗ್ಗಬ್ಯಾಡ್ರಿ. ಒತ್ತಿ ತಿರಿವ್ರಿ" ಅಂದ.

ಮೊಣಕಾಲ ಮೇಲೆ ಚಹಾ ಚೆಲ್ಲಿಕೊಂಡ ಇಂಜಿನಿಯರನಿಗೆ ಬುದ್ಧಿ ಹೇಳುವ ಹೊತ್ತೇ ಅದು? "ಮಾಮಾ, ನನಗೆಲ್ಲಾ ಗೊತ್ತದ. ಈ ಗಾಡಿ ವಿಷಯದಾಗ ನೀವು ನಡುವ ಮಾತಾಡಬ್ಯಾಡ್ರಿ" ಅಂದೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮಾಮಾ ಇಟ್ಟುಕೊಂಡ.

ಮತ್ತೆ ಜಗ್ಗಿದೆ. ಗಾಜು ಕೈಗೆ ಬಂತು, ಹಿತ್ತಾಳೆಯ ಬುಡ ಒಳಗೇ ಉಳಿಯಿತು.

ಇಂಥ ಬುಡ ತೆಗೆಯುವುದಕ್ಕೂ ವಿಡಿಯೊ ಇದೆ. ದೀಪ ಆರಿಸಿ, ಅರ್ಧ ಹೆಚ್ಚಿದ ಬಟಾಟಿಯನ್ನು ಒಡೆದ ಗಾಜಿನ ಮೇಲೆ ಒತ್ತಿ ತಿರುಗಿಸಬೇಕು. ಅಡುಗೆಮನೆಗೆ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಒಂದು ಬಟಾಟಿ ಎತ್ತಿಕೊಂಡು ಬಂದೆ. ಒತ್ತಿದೆ, ತಿರುವಿದೆ, ಬುಡ ಬಂದೇಬಿಟ್ಟಿತು! ಮಾಮಾ ಹೇಳಿದ್ದೂ ಇದನ್ನೇ ಅಲ್ಲವೇ ಅನ್ನುವ ವಿಚಾರ ಬಂತು. ಬಂದದ್ದನ್ನು ಅಲ್ಲೇ ವಾಪಸು ಕಳಿಸಿದೆ.

ಹೊಸ ಬಲ್ಬು ಚಂದನನಗರದಲ್ಲೇ ಸಿಗುತ್ತದೆ. ಆದರೆ ಮಾಡುವವನು ಮೂಲಕ್ಕೇ ಹೋಗಬೇಕು ಎಂದು ನನಗೆ ಹಟ. ಪುಣೆಯಲ್ಲಿ ಗಾಡಿಯ ಬಿಡಿಭಾಗಗಳ ಮೂಲವೆಂದರೆ ನಾನಾ ಪೇಠ. ಕಾರಿನ ಒಂದು ಕಣ್ಣು ಕಿತ್ತಿಟ್ಟಿದ್ದೆನಾದ್ದರಿಂದ ಮೆಟ್ರೋದಲ್ಲಿ ಹೊರಟೆ. ಮೆಟ್ರೋ 2024ರ ಮಾರ್ಚಿನಲ್ಲಿ ರಾಮವಾಡಿಯವರೆಗೆ ಬಂದು, ಖರಾಡಿಯ ಟ್ರಾಫಿಕ್ಕು ನೋಡಿ ಹೆದರಿ ಅಲ್ಲೇ ನಿಂತಿದೆ. ಹಾಗಾಗಿ ರಾಮವಾಡಿಗೊಂದು ರಿಕ್ಷಾ, ಪುಣೆ ಸ್ಟೇಶನ್ನಿನಿಂದ ಇನ್ನೊಂದು ರಿಕ್ಷಾ. 30 ರೂಪಾಯಿಯ ಬಲ್ಬಿಗೆ ದಾರಿಖರ್ಚೇ ಅದರ ಎಂಟು ಪಟ್ಟು.

ಅಂಗಡಿಯವನು ನಾನು ಕೊಟ್ಟ ನಮೂನೆಯನ್ನು ಬೆಳಕಿಗೆ ಹಿಡಿದ. ಮೂಸಿ ನೋಡಿದ. "ಹಾ ಬಲ್ಬ್ ಆಹೇ ಕೀ ಭಾಜಿ?" ಅಂದ. ಬಲ್ಬೋ ಪಲ್ಯವೋ ಎಂದು ಕೇಳುವಾಗ ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಪುಣೇರಿ ಜನರ ಚೇಷ್ಟೆಗೆ ನಗುವ ಖರ್ಚಿಲ್ಲ. ಬಟಾಟಿ ಒರೆಸಿ, "ಡಬಲ್ ಕಾಂಟ್ಯಾಕ್ಟ್" ಎಂದು ತೀರ್ಪು ಕೊಟ್ಟ. ಬುಡದ ತಳದಲ್ಲಿ ಸೀಸದ ಎರಡು ಚುಕ್ಕೆ ಇದ್ದರೆ ಡಬಲ್, ಒಂದಿದ್ದರೆ ಸಿಂಗಲ್. ಪಕ್ಕಕ್ಕೆ ಎರಡು ಮೊಳೆಯಂಥ ಕಿವಿ, ಒಂದು ಮೇಲೆ, ಒಂದು ಸ್ವಲ್ಪ ಕೆಳಗೆ. ತಿರುಗಾ ಮುರುಗಾ ಹಾಕಲು ಬರಬಾರದು ಎಂದೇ ಹಾಗೆ ಮಾಡಿರುತ್ತಾರೆ. ಅದನ್ನು ಮಾಡಿದವನು ನನ್ನಂಥವನನ್ನು ಎಲ್ಲೋ ನೋಡಿರಬೇಕು.

"ಎರಡು ತಗೊಳ್ಳಿ. ಒಂದು ಹೋದರೆ ಜೋಡಿಯದೂ ಹೋಗುವ ಹಾದಿಯಲ್ಲೇ ಇರುತ್ತದೆ" ಅಂದ. ಇವನು ವ್ಯಾಪಾರ ಮಾಡಲು ನೋಡುತ್ತಾನೆ ಎಂದು ಒಳಗೊಳಗೇ ನಕ್ಕು, ಒಂದೇ ಕೊಂಡೆ.

ಹ್ಯಾಲೊಜೆನ್ ಬಲ್ಬನ್ನು ಬರಿಗೈಲಿ ಮುಟ್ಟಬಾರದು, ಬೆರಳಿನ ಜಿಡ್ಡು ತಾಗಿದ ಕಡೆ ಗಾಜು ಹೆಚ್ಚು ಕಾದು ಕೈಕೊಡುತ್ತದೆ ಎಂದು ಓದಿದ್ದೆ. ಥೇಟ್ ನಮ್ಮ ಅಜ್ಜಿಯ ಮಡಿ! ಕೈತೊಳೆದು, ಒಗೆದ ಪಂಚೆಯಲ್ಲಿ ಬಲ್ಬನ್ನು ಸುತ್ತಿ, ಉಸಿರು ಬಿಗಿಹಿಡಿದು ಕೂಡಿಸುತ್ತಿದ್ದಾಗ ಮಗ ಬಂದ. "ಪಪ್ಪಾ, ಅದು ಹೆಡ್‌ಲೈಟಿಂದು. ಇದು ಸಾದಾ ಬಲ್ಬು, ಹೆಂಗ ಬೇಕಾದ್ರೂ ಹಿಡೀರಿ" ಅಂದು ಸೈಕಲ್ ತಗೊಂಡು ಹೋದ. ಪಂಚೆಗೆ ಗ್ರೀಸ್ ಹತ್ತಿದ್ದೊಂದೇ ಲಾಭ.

ಸಂಜೆ ಗಾಡಿಯನ್ನು ಗೇಟಿನವರೆಗೆ ಒಯ್ದು, ಬ್ರೇಕ್ ಒತ್ತಿ ಮಾಮಾನತ್ತ ನೋಡಿದೆ. ಅವನು ಬಾಯಿ ಬಿಡಲಿಲ್ಲ. ನಾನೇ ಕೇಳಬೇಕಾಯಿತು.

"ಬಲಕ ಹತ್ತೈತ್ರಿ. ಮುಂಜಾನಿ ತನಕ ಅದು ಹತ್ತತಿತ್ತು. ಎಡಕಿಂದು ಹದಿನೈದು ದಿನ ಆತ್ರಿ, ಹತ್ತಂಗಿಲ್ಲ."

ಡಾವಾ ಅಂದರೆ ಎಡ. ಹದಿನಾಲ್ಕು ವರ್ಷ ಪುಣೆಯ ನೀರು ಕುಡಿದು ನಾನು ಕಲಿತದ್ದು ಆ ಸಂಜೆ. ಸರಿಯಾಗಿದ್ದ ಬಲ್ಬನ್ನು ಒಡೆದು, ಬಟಾಟಿ ಹಾಕಿ ಕಿತ್ತು, ಮೆಟ್ರೋ ಹತ್ತಿ ಹೋಗಿ ತಂದು, ಮಡಿಯುಟ್ಟು ಕೂಡಿಸಿ, ಶುಕ್ರವಾರ ಎಲ್ಲಿದ್ದೆನೋ ಅಲ್ಲಿಗೇ ಬಂದು ನಿಂತಿದ್ದೆ.

ಭಾನುವಾರ ಚಂದನನಗರದ ಶೆಡ್ಡಿಗೆ ಕಳ್ಳನಂತೆ ಹೋದೆ. ಅದೇ ಬಲ್ಬು, ಅದೇ 30 ರೂಪಾಯಿ. "ಗಾಡಿ ತಂದೀರಲ್ಲ, ಪುಗಸಟ್ಟೆ ಹಾಕಿ ಕೊಡ್ತೀನಿ" ಎಂದು ಆತ ಮರಾಠಿಯಲ್ಲಿ ಹೇಳಿ ಎದ್ದೇಬಿಟ್ಟ. ಇಲ್ಲಿ ನೀವಾದರೆ ಏನು ಮಾಡುತ್ತಿದ್ದಿರಿ? ಗೊತ್ತು, ನೀವೂ ಅದನ್ನೇ ಮಾಡುತ್ತಿದ್ದಿರಿ. "ಬೇಡ, ನನಗೆ ಬರುತ್ತದೆ" ಎಂದು ಹೇಳಿ ಬಂದೆ.

ಈ ಸಲ ಒತ್ತಿ ತಿರುವಿದೆ. ಬೆಣ್ಣೆಯಂತೆ ಬಂತು, ಬೆಣ್ಣೆಯಂತೆ ಹೋಯಿತು. ಉಳಿದದ್ದು ಪರೀಕ್ಷೆ. ಮಾಮಾನನ್ನು ಕೇಳಲು ಮುಖವಿಲ್ಲ, ಹೆಂಡತಿಯನ್ನು ಕರೆಯಲು ಧೈರ್ಯವಿಲ್ಲ. ಆಗಲೇ ನನ್ನೊಳಗಿನ ಇಂಜಿನಿಯರು ಎದ್ದು ಕೂತದ್ದು. ಪೆಡಲು ಒತ್ತಿ ಹಿಡಿಯಲು ಮನುಷ್ಯನೇ ಯಾಕೆ ಬೇಕು? ಗಟ್ಟಿಯಾದ ಒಂದು ಕೋಲು ಸಾಕು. ಪೊರಕೆ ಬಾಗಿತು, ಕೊಡೆ ಜಾರಿತು. ಅಡುಗೆಮನೆಯಲ್ಲಿ ಲಟ್ಟಣಿಗೆ ಒಣಗುತ್ತಿತ್ತು. ತವರಿನಿಂದ ತಂದದ್ದು, ಧಾರವಾಡದ ಸಂತೆಯಲ್ಲಿ ಅವಳ ತಾಯಿ ಆರಿಸಿದ್ದು. ಅದರ ಒಂದು ತುದಿ ಪೆಡಲಿಗೆ, ಇನ್ನೊಂದು ತುದಿ ಸೀಟಿನ ಅಂಚಿಗೆ ಕೊಟ್ಟು, ಸೀಟನ್ನು ಕಟಕಟ ಮುಂದೆ ಸರಿಸಿದೆ.

ಹಿಂದೆ ಹೋಗಿ ನೋಡುತ್ತೇನೆ, ಬೇಸ್‌ಮೆಂಟಿನ ಗೋಡೆಯೆಲ್ಲ ಕೆಂಪು. ಎರಡೂ ಕಡೆ! ಆ ಗೋಡೆಗೆ ಮುಗಿದಷ್ಟು ಭಕ್ತಿಯಿಂದ ಮನೆಯ ಗಣಪತಿಗೂ ಕೈಮುಗಿದವನಲ್ಲ ನಾನು. ಗೋಡೆಯ ಫೋಟೊ ತೆಗೆದೆ, ಪೆಡಲಿನ ಫೋಟೊ ತೆಗೆದೆ, "ಯಾರ ಸಹಾಯವೂ ಇಲ್ಲದೆ ಬ್ರೇಕ್ ಲೈಟ್ ಪರೀಕ್ಷೆ: ನನ್ನದೇ ವಿಧಾನ" ಎಂದು ಬರೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಬಿಟ್ಟೆ. ಆಗ ರಾತ್ರಿ 9 ಗಂಟೆ. ಹುಬ್ಬಳ್ಳಿಯಿಂದ ಒಂದು ಹೆಬ್ಬೆರಳು ಬಂತು, ಬೆಳಗಾವಿಯಿಂದ ಎರಡು ಚಪ್ಪಾಳೆ. ಒಂದೊಂದಕ್ಕೂ ಧನ್ಯವಾದ ಬರೆಯುತ್ತ, ಅರೆಕಣ್ಣಿನಲ್ಲಿ ಲಿಫ್ಟು ಹತ್ತಿ, ಉಂಡು ಮಲಗಿದೆ.

ಸೋಮವಾರ ಬೆಳಿಗ್ಗೆ ಆರೂವರೆ. "ರೀ, ಲಟ್ಟಣಿಗಿ ಎಲ್ಲದ?"

ನಾನು ನಿದ್ದೆಗಣ್ಣಲ್ಲೇ ಹುಡುಕಾಟಕ್ಕೆ ಇಳಿದೆ. ದೇವರಾಣೆ, ನಾಟಕವಲ್ಲ, ನಿಜವಾಗಿಯೂ ಮರೆತಿದ್ದೆ. ಗ್ಯಾಸ್ ಕಟ್ಟೆಯ ಕೆಳಗೆ ನೋಡಿದೆ, ಫ್ರಿಜ್ಜಿನ ಹಿಂದೆ ನೋಡಿದೆ, ಹಾಸಿಗೆ ಝಾಡಿಸಿದೆ. "ಕೆಲಸದ ಬಾಯಿ ಎಲ್ಲೋ ಇಟ್ಟಿರಬೇಕು. ಇವರಿಗೆ ಒಂದು ಸಾಮಾನೂ ಜಾಗಾದಾಗ ಇಡೋ ಪದ್ಧತಿ ಇಲ್ಲ" ಎಂದು ಸೋಫಾದಡಿ ತಲೆ ತೂರಿಸಿ ಭಾಷಣ ಮಾಡುತ್ತಿದ್ದೆ. ಉತ್ತರ ಬರಲಿಲ್ಲ. ತಲೆ ಹೊರಗೆಳೆದು ನೋಡಿದರೆ, ಅವಳು ಮೊಬೈಲ್ ಹಿಡಿದು ನಿಂತಿದ್ದಳು. ಪೆಡಲಿನ ಫೋಟೊವನ್ನು ಎರಡು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನನ್ನ ಮುಖಕ್ಕೆ ಹಿಡಿದಳು. ಲಟ್ಟಣಿಗೆಗೆ ಅಂಟಿದ ಹಿಟ್ಟು ಕೂಡ ಸ್ಪಷ್ಟವಾಗಿ ಬಂದಿತ್ತು. ಒಳ್ಳೆಯ ಕ್ಯಾಮೆರಾ.

ಕೆಳಗೆ ಓಡಿದೆ. ಗೋಡೆ ಕಪ್ಪಗಿತ್ತು. ಬೀಗದ ಕೈ ತಿರುವಿದರೆ ಟಕ್ ಎಂಬ ಒಂದೇ ಒಂದು ಶಬ್ದ, ಮುದುಕರು ನಾಲಿಗೆಯಲ್ಲಿ "ಛೆ" ಅಂದ ಹಾಗೆ.

"ರಾತ್ರಿಯೆಲ್ಲಾ ಹತ್ತೇ ಇತ್ರಿ ಸರ" ಅಂದ ಮಾಮಾ. "ಮೂರಕ್ಕ ರೌಂಡಿಗೆ ಬಂದಾಗ ಮಂದ ಆಗಿತ್ರಿ. ಹೇಳೋಣಂತಿದ್ದೆ. ನಡುವ ಮಾತಾಡಬ್ಯಾಡ ಅಂದಿದ್ರಲ್ರಿ."

ಮಗ ಶಾಲೆಯ ಚೀಲ ಹೊತ್ತು ಬಂದು ಬಾಯಿಲೆಕ್ಕ ಒಪ್ಪಿಸಿದ: "21 ವ್ಯಾಟಿನವು ಎರಡು, 42. ಅದನ್ನ 12 ವೋಲ್ಟಿಗೆ ಭಾಗಿಸಿದ್ರ ಮೂರೂವರೆ ಆಂಪಿಯರ್. ಬ್ಯಾಟರಿ ಮ್ಯಾಲ 35 ಆಂಪಿಯರ್ ಅವರ್ ಅಂತ ಬರದದ. ಅಂದ್ರ ಪೂರಾ ಖಾಲಿ ಆಗಲಿಕ್ಕೆ ಹತ್ತು ತಾಸು. ಸ್ಟಾರ್ಟ್ ಆಗದ ಇರಲಿಕ್ಕೆ ಅದರ ಅರ್ಧ ಸಾಕು. ಪಪ್ಪಾ, ನೀವು ಇಂಜಿನಿಯರ್ ಅಲ್ಲೇನು?"

ಶೆಡ್ಡಿನವನನ್ನು ಕರೆಸಲೇಬೇಕಾಯಿತು. ಕೇಬಲ್ ತಂದು, ಪಕ್ಕದವರ ಗಾಡಿಯಿಂದ ಜೀವ ಕೊಟ್ಟು, 500 ರೂಪಾಯಿ ತಗೊಂಡ. ಸೀಟಿನ ಕೆಳಗೆ ಬಗ್ಗಿ, ಲಟ್ಟಣಿಗೆಯನ್ನು ಎರಡು ಕೈಯಲ್ಲಿ ಎತ್ತಿ ನನಗೆ ಕೊಟ್ಟು, "ಘ್ಯಾ ಕಾಕಾ" ಅಂದ. ಈ ಸಲ "ಕಾಕಾ" ನನಗೆ ಚುಚ್ಚಲಿಲ್ಲ. ಆ ಎರಡು ದಿನದಲ್ಲಿ ನಾನು ಅದಕ್ಕೆ ತಕ್ಕವನಾಗಿದ್ದೆ.

ಲಟ್ಟಣಿಗೆಯನ್ನು ಗ್ರೀಸು ಹತ್ತಿದ ಅದೇ ಪಂಚೆಯಲ್ಲಿ ಸುತ್ತಿಕೊಂಡು ಮೇಲೆ ಬಂದೆ. "ತಗೋ, ಈಗ ಚಪಾತಿ ಮಾಡು" ಅಂದೆ, ಆದಷ್ಟು ಸಣ್ಣ ದನಿಯಲ್ಲಿ. ಅವಳು ಅದರತ್ತ ತಿರುಗಿಯೂ ನೋಡಲಿಲ್ಲ. ಜೋಳದ ಹಿಟ್ಟು ನಾದುತ್ತಿದ್ದಳು.

"ಇಟ್ಕೋರಿ ಅದನ್ನ, ನಿಮ್ಮ ಗಾಡಿಗೆ ಬೇಕಾಗ್ತದ. ರೊಟ್ಟಿ ಬಡೀಲಿಕ್ಕೆ ನನಗ ಕೈ ಸಾಕು."

ಬಡಿಯತೊಡಗಿದಳು. ಹೊರಗಿನ ಖೋಲಿಯಲ್ಲಿ 5 ವ್ಯಾಟಿನಲ್ಲಿ ಮಿಣಮಿಣ ಅನ್ನುತ್ತ ಕೂತು ನಾನು ಎಣಿಸುತ್ತಿದ್ದೆ. ಒಂದೊಂದು ರೊಟ್ಟಿಗೂ ಬೇಕಾದ್ದಕ್ಕಿಂತ ಏಳೆಂಟು ಏಟು ಜಾಸ್ತಿ ಬೀಳುತ್ತಿತ್ತು. ಆ ಹೆಚ್ಚಿನವು ಯಾರ ಹೆಸರಿನವು ಎಂದು ನಿಮ್ಮಂಥ ಅನುಭವಸ್ಥರಿಗೆ ನಾನು ಹೇಳಬೇಕಾಗಿಲ್ಲ.