ಉಲ್ಟಾ ಹೊಡ್ಕೊಡಪ್ಪಾ!

ನಮ್ಮ ಅತ್ತಿಗೆಗೆ ಈಗ ಮಣ್ಣಿನ ಹುಚ್ಚು. ಮಣ್ಣು ಅಂದೊಡನೆ ಕೆರೆ, ಕುಂಬಾರ, ತಿಗರಿ ಎಂದೆಲ್ಲ ನೆನೆಸಿಕೊಳ್ಳಬೇಡಿ. ಇದು ಪಾಲಿಮರ್ ಕ್ಲೇ. ನಲ್ಲಿ ಪೈಪಿಗೆ ಬಳಸುವ ಅದೇ ಪಿವಿಸಿ, ಅದನ್ನು ಮೆತ್ತಗಿಡಲು ಎಣ್ಣೆಯಂಥದೊಂದು ಪ್ಲಾಸ್ಟಿಸೈಜರ್, ಮೇಲಿಷ್ಟು ಬಣ್ಣ. ಹೂಕುಂಡದ ಮಣ್ಣು ಮುಟ್ಟಿದರೆ ಹತ್ತು ಸಲ ಕೈ ತೊಳೆಯುವ ಅತ್ತಿಗೆ ಇದನ್ನು ಬೆಳಗಿಂದ ಸಂಜೆವರೆಗೆ ನಾದುತ್ತಾರೆ.

ಮಣಿ, ಓಲೆ, ಜುಮುಕಿ ಮುಗಿದವು. ಈಗ ಕ್ಲೇ ಮೇಲೆ ಚಿತ್ರ ಇಳಿಸಬೇಕಂತೆ: ಬೀಗದ ಕೈ ಗೊಂಚಲಿಗೆ ಮಾವನವರ ಪೇಟ ತೊಟ್ಟ ಫೋಟೊ, ಕೆಳಗೆ ಮನೆ ಹೆಸರು ‘ಶ್ರೀನಿಲಯ’. ಅದಕ್ಕೆಂದೇ ಮನೆಗೆ ಬಣ್ಣದ ಇಂಕ್‌ಜೆಟ್ ಪ್ರಿಂಟರ್ ಬಂತು. ಮಾವನವರು ಫಳಫಳ ಹೊಳೆಯುತ್ತಾ ಹೊರಬಿದ್ದರು. ಕ್ಲೇಗೆ ಒತ್ತಿ, ಕಾಗದ ಬಿಡಿಸಲು ನೀರು ಹಚ್ಚಿದರೆ ಮೀಸೆ ಕೆನ್ನೆಗೆ ಹರಿಯಿತು. ಹರಿಯದೆ ಏನು ಮಾಡೀತು? ಆ ಶಾಯಿಯೇ ನೀರಿನದು.

ಈ ಕೆಲಸಕ್ಕೆ ಬೇಕಾದದ್ದು ಬಸ್‌ಸ್ಟ್ಯಾಂಡ್ ಪಕ್ಕದ ಕಪ್ಪು-ಬಿಳುಪು ಜೆರಾಕ್ಸು. ಅದರ ಟೋನರು ಶಾಯಿಯಲ್ಲ, ಪ್ಲಾಸ್ಟಿಕ್ ಪುಡಿ. ಕಾಗದದ ಮೇಲೆ ಕಾಸಿ ಅಂಟಿಸಿದ್ದು. ಹಸಿ ಕ್ಲೇಯ ಪ್ಲಾಸ್ಟಿಸೈಜರ್ ತಾಗಿದರೆ ಅದು ಮೆತ್ತಗಾಗಿ ಕ್ಲೇಯನ್ನೇ ಹಿಡಿದುಕೊಳ್ಳುತ್ತದೆ. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಚೆಸ್ಟರ್ ಕಾರ್ಲ್‌ಸನ್ ತೆಗೆದ ಜಗತ್ತಿನ ಮೊದಲ ಜೆರಾಕ್ಸೂ ಹೀಗೇ ಇಳಿದದ್ದು. ಗಂಧಕ ಬಳಿದ ಸತುವಿನ ತಗಡಿನ ಮೇಲೆ ಪುಡಿ ಉದುರಿಸಿ, ಅದನ್ನು ಮೇಣದ ಕಾಗದಕ್ಕೆ ಒತ್ತಿ ತೆಗೆದ, ಆವತ್ತಿನ ತಾರೀಖು, ಊರಿನ ಹೆಸರು ಸಮೇತ. ಇಷ್ಟು ಹೇಳಿದ್ದಕ್ಕೆ ಅತ್ತಿಗೆ, “ಪ್ರಿಂಟರ್ ಕೊಳ್ಳೋ ಮೊದಲು ಈ ಪುರಾಣ ಬಿಚ್ಚೋಕೆ ಏನಾಗಿತ್ತು ನಿಮಗೆ?” ಎಂದರು.

ಇನ್ನೊಂದು ತೊಡಕು. ಬೋರಲು ಹಾಕಿ ಒತ್ತುವುದರಿಂದ ಚಿತ್ರ ಎಡಬಲ ಆಗುತ್ತದೆ. ಮಾವನವರ ಜೇಬಿನ ಪೆನ್ನು ಬಲಕ್ಕೆ ಹೋದರೆ ಯಾರೂ ಕೇಳುವುದಿಲ್ಲ. ‘ಶ್ರೀನಿಲಯ’ ಓದಲು ಮಾತ್ರ ಕನ್ನಡಿ ಹಿಡಿಯಬೇಕಾದೀತು. ಅಂಗಡಿ ಹುಡುಗನಿಗೆ “ಉಲ್ಟಾ ಹೊಡ್ಕೊಡಪ್ಪಾ” ಎಂದೆ. ಅವನು ಹಾಳೆಯನ್ನು ತಲೆಕೆಳಗಾಗಿ ಇಟ್ಟು ಹೊಡೆದ. “ಹಾಗಲ್ಲ, ಹಿಂದು ಮುಂದು” ಎಂದೆ. ಹಾಳೆ ಮಗುಚಿ ಬಿಳೀ ಬೆನ್ನನ್ನೇ ಹೊಡೆದುಕೊಟ್ಟು ಅದಕ್ಕೂ ಕಾಸು ಕೇಳಿದ. ಕೊನೆಗೆ ಕೈಸನ್ನೆ ಮಾಡಿ ತೋರಿಸಿದ ಮೇಲೆ, “ಮಿರರ್ ಅನ್ಬಾರ್ದಾ ಸಾರ್ ಮೊದ್ಲೇ?” ಎಂದು ಒಂದು ಗುಂಡಿ ಒತ್ತಿದ.

ಆಮೇಲಿನದು ತಾಳ್ಮೆಯ ಆಟ. ಬಿಳೀ ಕ್ಲೇಯನ್ನು ತೆಳ್ಳಗೆ ಲಟ್ಟಿಸಿ, ಹೊಸ ಜೆರಾಕ್ಸನ್ನು ಬೋರಲು ಹಾಕಿ, ಚಮಚದ ಬೆನ್ನಿನಿಂದ ಉಜ್ಜಿ, ಗಾಳಿಗುಳ್ಳೆ ಉಳಿಯದಂತೆ ನೋಡಿ, ಅರ್ಧ ಗಂಟೆ ಹಾಗೇ ಬಿಡಬೇಕು. ಬಳಿಕ ನೀರಲ್ಲಿ ಬೆರಳದ್ದಿ ಮೆಲ್ಲಗೆ ತಿಕ್ಕಿದರೆ ಕಾಗದ ಅಭ್ಯಂಜನದ ದಿನದ ಮೈಕೊಳೆಯ ಹಾಗೆ ಸುರುಳಿ ಸುರುಳಿ ಎದ್ದು ಬರುತ್ತದೆ. ಆತುರಪಟ್ಟಿರೋ, ಕಾಗದದ ಜತೆ ಮಾವನವರ ಕಣ್ಣೂ ಹೊರಟಿತು. ಅತ್ತಿಗೆಯ ಮೊದಲ ಬಳಗದಲ್ಲಿ ಒಕ್ಕಣ್ಣರೇ ಜಾಸ್ತಿ.

ಚಿತ್ರ ಇಳಿದ ಮೇಲೆ ಕ್ಲೇ ಗಟ್ಟಿಯಾಗಲು ಬೇಯಿಸಬೇಕು. ಅದರ ಶಾಖ ಕಂಪನಿಗೊಂದು. ಫಿಮೊಗೆ 110 ಡಿಗ್ರಿ, ಸ್ಕಲ್ಪಿಗೆ ಸುಮಾರು 130. ಬೇಗ ಬೇಯಲಿ ಎಂದು ಉರಿ ಏರಿಸಿದರೆ ಪಿವಿಸಿ ಕರಕಾಗಿ ಮನೆಮಂದಿಯೆಲ್ಲ ಕೆಮ್ಮುತ್ತಾ ಬೀದಿಗೆ. ಆ ಹೊಗೆ ಒಳ್ಳೆಯದಲ್ಲ, ತಮಾಷೆಯಲ್ಲ.

ಕ್ಲೇಗೆ ಬಳಸಿದ ಸಾಮಾನು ಮತ್ತೆ ಅಡುಗೆಗೆ ಸೇರಬಾರದು ಎಂಬ ನಿಯಮವನ್ನು ಅತ್ತಿಗೆ ಮಡಿಯಷ್ಟೇ ನಿಷ್ಠೆಯಿಂದ ಪಾಲಿಸುತ್ತಾರೆ. ಹಾಗಾಗಿ ಲಟ್ಟಣಿಗೆ ಹೋಯಿತು, ಅದರ ಹಿಂದೆ ಚಪಾತಿಯೂ ಹೋಯಿತು. ಅಣ್ಣನಿಗೆ ರಾತ್ರಿಯೂ ಉಪ್ಪಿಟ್ಟು. ಅವನ ಮುಖ ನೋಡಲಾರದೆ ಹೊಸ ಲಟ್ಟಣಿಗೆಯೊಂದನ್ನು ತಂದುಕೊಟ್ಟೆ.

ಅತ್ತಿಗೆಗೆ ಎಷ್ಟು ಖುಷಿಯಾಯಿತು ಅಂತೀರಿ! “ಅಯ್ಯೋ, ಒಳ್ಳೇದಾಯ್ತು. ಹಳೇದಕ್ಕೆ ಕೆಂಪು ಬಣ್ಣ ಹತ್ತಿಬಿಟ್ಟಿದೆ. ಬಿಳೀ ಕ್ಲೇಗೆ ಬೇರೆ ಬೇಕಿತ್ತು.”