ನಾನು ಸೀರಿಯಲ್ ನೋಡೋದಿಲ್ಲ

ಮೈಸೂರಾಗಲಿ, ಶಿವಮೊಗ್ಗವಾಗಲಿ, ಬೆಂಗಳೂರಿನ ಯಾವುದೇ ಬಡಾವಣೆಯಾಗಲಿ, ಬೀದಿಗೆ ಇಬ್ಬರಾದರೂ ಇಂಥವರು ಸಿಗುತ್ತಾರೆ. ಸರ್ಕಾರಿ ಕಚೇರಿಯಿಂದಲೋ ಬ್ಯಾಂಕಿನಿಂದಲೋ ನಿವೃತ್ತರಾದವರು. ಬೆಳಿಗ್ಗೆ ವಾಕಿಂಗು, ಹನ್ನೊಂದಕ್ಕೆ ಪಾಸ್‌ಬುಕ್ಕಿಗೆ ಎಂಟ್ರಿ, ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ದೇಶದ ಚಿಂತೆ. ಧಾರಾವಾಹಿಯ ಮಾತು ಬಂದರೆ ಸಾಕು, ಮುಖ ಹುಳ್ಳಗೆ ಮಾಡಿಕೊಂಡು, “ನಾನು ಆ ದರಿದ್ರ ನೋಡೋದಿಲ್ಲಪ್ಪ. ಮನೆಯವಳು ಹಾಕ್ಕೊಂಡಿರ್ತಾಳೆ, ಕಿವಿಗೆ ಬೀಳತ್ತೆ ಅಷ್ಟೆ” ಅನ್ನುತ್ತಾರೆ. ಇವರನ್ನು ‘ನೋಡದ ಯಜಮಾನರು’ ಎಂದು ಕರೆಯೋಣ.

ಕಿವಿಗೆ ಬಿದ್ದದ್ದು ಎಷ್ಟು ಎಂಬುದು ಐದೇ ನಿಮಿಷದಲ್ಲಿ ಬಯಲಾಗುತ್ತದೆ. ಪಕ್ಕದಲ್ಲಿ ಕೂತವರು, “ಆ ಹುಡುಗಿಗೆ ವಿಷ ಹಾಕಿದ್ದು ಅವಳ ಅತ್ತೇನೇ” ಎಂದರೆ ಯಜಮಾನರಿಗೆ ತಡೆಯಲಾಗುವುದಿಲ್ಲ. “ಅತ್ತೆ ಅಲ್ಲ ಸ್ವಾಮಿ, ಚಿಕ್ಕತ್ತೆ! ಹಾಲಿನ ಲೋಟ ಅದಲುಬದಲು ಆಗಿದ್ದು ಬುಧವಾರವೇ ಗೊತ್ತಾಯ್ತಲ್ಲ!” ಆಮೇಲೆ ನಾಲಿಗೆ ಕಚ್ಚಿಕೊಂಡು, “ಹಾಗಂತ ಮನೇಲಿ ಹೇಳ್ತಿದ್ಲು” ಎಂದು ತೇಪೆ ಹಾಕುತ್ತಾರೆ.

ಇವರು ನೋಡುವ ಪರಿಯೇ ಬೇರೆ. ಸೋಫಾದ ಮೇಲೆ ಕೂತರೆ ನೋಡಿದ ಹಾಗಾಗುತ್ತದೆ, ಆದ್ದರಿಂದ ಊಟದ ಮೇಜಿನ ಪಕ್ಕದ ಕುರ್ಚಿಯನ್ನು ಟಿವಿಗೆ ಓರೆಯಾಗಿ ಹಾಕಿಕೊಳ್ಳುತ್ತಾರೆ. ಕೈಯಲ್ಲಿ ಬೆಳಗಿನ ಪೇಪರು. ಏಳೂವರೆಗೆ ಬಿಡಿಸಿದ ಪುಟ ಎಂಟೂವರೆಗೂ ಅದೇ. ನೀರು ಕುಡಿಯಲೆಂದು ಎದ್ದರೆ ಲೋಟ ಹಿಡಿದು ನಡುಮನೆಯಲ್ಲಿ ನಿಂತವರು ನಿಂತೇ ಇರುತ್ತಾರೆ. ನೀರು ಗಂಟಲಿಗೆ ಇಳಿಯುವುದು ಜಾಹೀರಾತು ಬಂದ ಮೇಲೆ. ಪರದೆಯ ಮೇಲೆ ಕಪಾಳಕ್ಕೆಂದು ಎತ್ತಿದ ಕೈಯನ್ನು ಮೂರು ದಿಕ್ಕಿನಿಂದ ಮೂರು ಸಲ ತೋರಿಸಿ, ಸಿಡಿಲಿನ ಸದ್ದು ಹಾಕಿ, ಕೂಡುಕುಟುಂಬದ ಅಷ್ಟೂ ಜನರ ಮುಖವನ್ನು ಒಂದೊಂದಾಗಿ ತೋರಿಸುವಾಗ, “ಒಂದು ಏಟಿಗೆ ಒಂದು ವಾರಾನಾ? ಜನಕ್ಕೆ ಬೇರೆ ಕೆಲಸ ಇಲ್ಲ” ಎಂದು ಗೊಣಗುತ್ತಾರೆ. ಶುಕ್ರವಾರದ ಸಂಚಿಕೆಯಲ್ಲಿ ಆ ಕೈ ಇಳಿಯದಿದ್ದರೆ ಮಾತ್ರ ಸೋಮವಾರದವರೆಗೆ ಇವರಿಗೆ ಅನ್ನ ಸೇರುವುದಿಲ್ಲ.

ಹೆಂಡತಿಗೆ ಈ ಪಾಡಿಲ್ಲ. ಆಕೆ ನೋಡುತ್ತೇನೆಂದು ಒಪ್ಪಿಕೊಂಡೇ ನೋಡುವವರು. ಮೊರದಲ್ಲಿ ಅವರೆಕಾಯಿ ಬಿಡಿಸುತ್ತಾ, ನಾಯಕಿಯ ಸೀರೆಗೆ ಬೆಲೆ ಕಟ್ಟುತ್ತಾ, “ಇವಳಿಗೆ ಈಗ ತಲೆ ತಿರುಗುತ್ತೆ ನೋಡ್ತಿರಿ” ಎನ್ನುತ್ತಾರೆ. ನಾಯಕಿಗೆ ತಲೆ ತಿರುಗುತ್ತದೆ. ಹೆಂಡತಿಯ ಕಣ್ಣು ಒದ್ದೆಯಾಗುವುದಿಲ್ಲ. ಓರೆ ಕುರ್ಚಿಯ ಕಡೆಯಿಂದ ಮಾತ್ರ ಮೂಗು ಏರಿಸಿದ ಸದ್ದು ಬರುತ್ತದೆ. ಕಾರಣಗಳು ಸಿದ್ಧವಾಗಿಯೇ ಇರುತ್ತವೆ: ಒಗ್ಗರಣೆಯ ಘಾಟು, ಪೊರೆಯ ಆಪರೇಷನ್ ಆದಾಗಿನಿಂದ ಕಣ್ಣಲ್ಲಿ ನೀರು, ಫ್ಯಾನಿನ ದೂಳು. ಒಲೆ ಆರಿಸಿ ಗಂಟೆಯಾಗಿರುತ್ತದೆ, ಫ್ಯಾನು ತಿರುಗುತ್ತಿರುವುದಿಲ್ಲ. ಆದರೂ ಆಕೆ ಏನೂ ಹೇಳುವುದಿಲ್ಲ.

2024ರಲ್ಲಿ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಸ್ನೇಹಾ ತೀರಿಕೊಂಡ ವಾರ ಇಂಥ ಮನೆಗಳಲ್ಲಿ ನಿಜಕ್ಕೂ ಕಷ್ಟವಾಯಿತು. ಮೆಸ್ಸು ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸಿದ ತಾಯಿ, ಅದೂ ಉಮಾಶ್ರೀ, ಮಗಳನ್ನು ಕಳೆದುಕೊಂಡು ಎದೆ ಬಡಿದುಕೊಂಡರೆ ಕಲ್ಲೂ ಕರಗಬೇಕು. ಯಜಮಾನರು ರಾತ್ರಿ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದರು.

“ರೀ, ಊಟ ಮಾಡ್ರೀ. ಆ ಹುಡುಗಿ ಸೀರಿಯಲ್ ಬಿಟ್ಟಿದ್ದಾಳೆ, ಸತ್ತಿಲ್ಲ.”

“ನನಗೇನೇ? ಮಧ್ಯಾಹ್ನದ ಬಜ್ಜಿ ಸ್ವಲ್ಪ ಭಾರ ಆಯ್ತು.”

ಮರುದಿನ ಪಾರ್ಕಿನಲ್ಲಿ ಅವರು ಕೊಟ್ಟ ತೀರ್ಪು: “ಓದಿ ಅಷ್ಟು ಮೇಲೆ ಬಂದ ಹುಡುಗೀನ ಸಾಯಿಸಬಾರದಿತ್ತು. ಸಮಾಜಕ್ಕೆ ಏನು ಸಂದೇಶ ಹೋಗುತ್ತೆ?” ಸಂತಾಪವನ್ನು ಸಂದೇಶವಾಗಿಸುವ ಕಲೆ ಇವರಿಗೆ ಚೆನ್ನಾಗಿ ಗೊತ್ತು.

ತೀರ ಇಕ್ಕಟ್ಟಿಗೆ ಸಿಕ್ಕಾಗ ಇವರ ಕೊನೆಯ ಅಸ್ತ್ರ ‘ಮಾಯಾಮೃಗ’. 1998ರಲ್ಲಿ ದೂರದರ್ಶನದಲ್ಲಿ ಬಂದ, ಟಿ.ಎನ್. ಸೀತಾರಾಮ್ ಅವರು ಪಿ. ಶೇಷಾದ್ರಿ, ನಾಗೇಂದ್ರ ಶಾ ಜೊತೆಗೂಡಿ ಮಾಡಿದ ಆ ಧಾರಾವಾಹಿಯನ್ನು ನೋಡಿದ್ದನ್ನು ಇವರು ಒಪ್ಪಿಕೊಳ್ಳುತ್ತಾರೆ, ಒಪ್ಪಿಕೊಳ್ಳುವುದೇನು, ಸಾರುತ್ತಾರೆ. “ಅದು ಸೀರಿಯಲ್ ಅಲ್ಲ, ಸಾಹಿತ್ಯ.” ‘ಮುಕ್ತ’ವನ್ನೂ ನೋಡಿದ್ದುಂಟು, ಆದರೆ ಕೋರ್ಟಿನ ದೃಶ್ಯಗಳಿಗಾಗಿ, ಕಾನೂನು ತಿಳಿದುಕೊಳ್ಳುವುದಕ್ಕಾಗಿ. ‘ಪುಟ್ಟಗೌರಿ ಮದುವೆ’ ನೋಡಲಿಲ್ಲ. ಅದು ಹಿಂದಿಯ ‘ಬಾಲಿಕಾ ವಧು’ವಿನ ಕನ್ನಡ ರೂಪ ಎಂಬುದೂ, 2012ರಿಂದ 2018ರವರೆಗೆ ನಡೆಯಿತೆಂಬುದೂ, ನಡುವೆ ಚಾನೆಲ್ಲಿನ ಹೆಸರೇ ಈಟಿವಿ ಕನ್ನಡದಿಂದ ಕಲರ್ಸ್ ಕನ್ನಡ ಎಂದು ಬದಲಾಯಿತೆಂಬುದೂ ಹೇಗೋ ಗೊತ್ತಿದೆ, ಅಷ್ಟೆ.

ಸಂಗೀತದ ಕಾರ್ಯಕ್ರಮಕ್ಕೆ ಮಾತ್ರ ಇವರು ರಾಜಾರೋಷವಾಗಿ ಸೋಫಾಕ್ಕೆ ಬರುತ್ತಾರೆ. ‘ಸರಿಗಮಪ’ ಕಲೆ, ಅದಕ್ಕೆ ನಾಚಿಕೆ ಯಾಕೆ? ಸ್ಪರ್ಧಿ ಬಾಯಿ ತೆರೆಯುವ ಮುಂಚೆ ಅವನ ಊರು ತೋರಿಸುತ್ತಾರೆ. ಹೆಂಚಿನ ಮನೆ, ಕೂಲಿಗೆ ಹೋಗುವ ತಾಯಿ, ಸಾಲ ಮಾಡಿ ತಂದ ಹಾರ್ಮೋನಿಯಂ, ಹಿಂದೆ ಪಿಟೀಲು. ಪಲ್ಲವಿ ಶುರುವಾಗುವ ಹೊತ್ತಿಗೆ ಯಜಮಾನರ ಟವೆಲ್ಲು ಒದ್ದೆ. ಹುಡುಗ ಚರಣದಲ್ಲಿ ಶ್ರುತಿ ಬಿಟ್ಟರೂ ಇವರಿಗೆ ಕೇಳಿಸುವುದಿಲ್ಲ. ಮಹಾಗುರುಗಳ ಕುರ್ಚಿಯಿಂದ ಹಂಸಲೇಖ ಎದ್ದು ನಿಂತರೆ ಇವರೂ ಅರ್ಧ ಎದ್ದು, ಮಂಡಿ ನೋವೆಂದು ಸಬೂಬು ಹೇಳಿ ಕೂರುತ್ತಿದ್ದರು. ಇವರು ಕಾರಣವೇ ಹೇಳದೆ ಅತ್ತದ್ದು 2020ರ ಸೆಪ್ಟೆಂಬರ್ 25ರಂದು. ‘ಎದೆ ತುಂಬಿ ಹಾಡುವೆನು’ ಎಂದು ಮಕ್ಕಳನ್ನು ಮುದ್ದಿಸುತ್ತಾ ಕನ್ನಡದ ಮನೆಮನೆಗೆ ಬರುತ್ತಿದ್ದ ಎಸ್‌ಪಿಬಿ ಹೋದ ದಿನ ಯಾರೂ ಯಾರನ್ನೂ ಯಾಕೆ ಅಳುತ್ತೀರಿ ಎಂದು ಕೇಳಲಿಲ್ಲ.

ಆದರೆ ಮೊಮ್ಮಗಳು ಅತ್ತರೆ ಸಹಿಸಲಾರರು. 2022ರ ಜೂನಿನಲ್ಲಿ ಕೊರಿಯಾದ ಬಿಟಿಎಸ್ ಹುಡುಗರು ಇನ್ನು ಕೆಲಕಾಲ ಒಬ್ಬೊಬ್ಬರೇ ಹಾಡುತ್ತೇವೆ ಎಂದಾಗ ಹುಡುಗಿ ಕೋಣೆ ಸೇರಿ ಚಿಲಕ ಹಾಕಿಕೊಂಡಿತು. ಯಜಮಾನರು ಬಾಗಿಲ ಹೊರಗೆ ನಿಂತು ಉಪನ್ಯಾಸ ಕೊಟ್ಟರು: “ಭಾಷೆ ಬಾರದು, ಹೆಸರು ತಿರುಗದು, ಕೂದಲಿಗೆ ಬಣ್ಣ. ಇವರಿಗೋಸ್ಕರ ಅಳೋದೇನೇ ಪುಟ್ಟಿ?”

ಒಳಗಿನಿಂದ ಉತ್ತರ ಬಂತು: “ತಾತ, ನೀವು ನಿನ್ನೆ ಕೇಬಲ್ ಹೋಯ್ತು ಅಂತ ಅತ್ರಲ್ಲ?”

“ಅದು ಕಣ್ಣಿನ ಡ್ರಾಪ್ಸು!”

ಅಜ್ಜಿ ಅಡುಗೆಮನೆಯಲ್ಲಿ ಸೌಟು ಕೆಳಗಿಟ್ಟು ನಕ್ಕರು. ಡಿಸೆಂಬರ್ 13ರಂದು ತಂಡದ ಹಿರಿಯ ಹುಡುಗ ಜಿನ್ ಕಡ್ಡಾಯ ಸೇನಾ ಸೇವೆಗೆ ಹೊರಟಾಗ, ಪೇಪರಿನ ಒಳಪುಟದಿಂದ ಸುದ್ದಿ ಹೆಕ್ಕಿ ತಂದವರು ಯಜಮಾನರೇ. “ಪಾಪ, ತಲೆ ನುಣ್ಣಗೆ ಮಾಡಿಸಿಕೊಂಡಿದ್ದಾನೆ. ಹದಿನೆಂಟು ತಿಂಗಳಂತೆ. ಅವರಮ್ಮನಿಗೆ ಹೇಗಾಗಿರಬೇಡ!” ಅಜ್ಜಿ ಮೊಮ್ಮಗಳು ಮುಖ ಮುಖ ನೋಡಿಕೊಂಡರು.

ಇವರನ್ನು ಆಷಾಢಭೂತಿ ಎನ್ನಲು ನನಗೆ ಮನಸ್ಸು ಬಾರದು. ತಮ್ಮ ಸ್ವಂತ ಮಗಳನ್ನು ಒಪ್ಪಿಸಿಕೊಡುವ ಹೊತ್ತಿನಲ್ಲಿ ಮನೆಮಂದಿಯೆಲ್ಲ ಅಳುತ್ತಿದ್ದರೆ ಇವರು ಛತ್ರದ ಹಿಂಬಾಗಿಲಲ್ಲಿ ಅಡುಗೆಯವರ ಜೊತೆ ಎಲೆ ಲೆಕ್ಕ ಮಾಡುತ್ತಿದ್ದರು. ಗಂಡಸು ನಾಲ್ಕು ಜನರ ಎದುರು ಅಳಬಾರದೆಂದು ಯಾರೋ ಚಿಕ್ಕಂದಿನಲ್ಲೇ ಗದರಿಸಿ ಕೂರಿಸಿದ್ದರು. ಅಂದಿನ ಬಾಕಿ ಈಗ ಯಾವುದೋ ಧಾರಾವಾಹಿಯ ವಧು ತವರಿನ ಹೊಸಿಲು ದಾಟಿದಾಗಲೆಲ್ಲ ಕಂತಿನಲ್ಲಿ ತೀರುತ್ತಿದೆ. ಪರದೆಯ ಮೇಲಿನವರು ಗ್ಲಿಸರಿನ್ ಹಚ್ಚಿಕೊಂಡು ಅತ್ತು ಸಂಬಳ ಪಡೆಯುತ್ತಾರೆ. ಇವರು ಗ್ಲಿಸರಿನ್ ಇಲ್ಲದೆ, ಪುಕ್ಕಟೆಯಾಗಿ, ಮೇಲೆ ಕೇಬಲ್ಲಿನವನಿಗೆ ತಿಂಗಳು ತಿಂಗಳು ದುಡ್ಡು ಕೊಟ್ಟು ಅಳುತ್ತಾರೆ. ಇಬ್ಬರಲ್ಲಿ ಅಸಲಿ ಕಲಾವಿದರು ಯಾರೆಂದು ನೀವೇ ಹೇಳಿ.

ನಿಮ್ಮ ಮನೆಯಲ್ಲೂ ಇಂಥವರೊಬ್ಬರಿದ್ದರೆ ಹಿಡಿದುಹಾಕಲು ಹೋಗಬೇಡಿ. ಏಳೂವರೆಯಿಂದ ಒಂಬತ್ತರವರೆಗೆ ಟಿವಿ ನೋಡಿ, ಅವರ ಮುಖ ನೋಡಬೇಡಿ. ಹೊಸ ಮೊಬೈಲೋ, ಗೋವಾ ಟೂರಿಗೆ ದುಡ್ಡೋ, ಕೇಳುವುದೇನಾದರೂ ಇದ್ದರೆ ನಾಯಕಿ ಅತ್ತು ಮುಗಿಸಿದ ಕೂಡಲೇ ಕೇಳಿ. ತಡಮಾಡಬೇಡಿ, ಒಂಬತ್ತಕ್ಕೆ ಅವರು ನ್ಯೂಸ್ ಚಾನೆಲ್ ಹಾಕಿಬಿಡುತ್ತಾರೆ.